ದುರ್ಗದ ತಾರಸಿಯಲ್ಲಿ ಒಂದೆಲಗ

ನಮ್ಮೂರು ಶಿರಸಿ ಕಡೆ. ಅಲ್ಲಿ ಒಂದೆಲಗ ಅನ್ನುವ ಸೊಪ್ಪಿನ ಬಳ್ಳಿಯನ್ನು ಯಾರೂ ಬೆಳೆಸುವುದಿಲ್ಲ, ಅಡಿಕೆ ತೋಟದ ಕಾಲುವೆ ಬದಿಯಲ್ಲಿ ತಾನೇ ಹಬ್ಬಿರುತ್ತದೆ, ಬಗ್ಗಿ ಕೊಯ್ದರಾಯಿತು. ಚಿತ್ರದುರ್ಗದ ತಾರಸಿಯಲ್ಲಿ ಬೆಳೆಯುತ್ತೇನೆ ಅಂದಾಗ ಅಮ್ಮ ಫೋನಲ್ಲೇ ನಕ್ಕಳು.

ಮೊದಲ ವರ್ಷ ಅವಳು ನಕ್ಕಿದ್ದೇ ಸರಿಯಾಯಿತು. ನರ್ಸರಿಯಲ್ಲಿ ಬ್ರಾಹ್ಮಿ ಅಂತ ಕೇಳಿ 3 ಗಿಡ ತಂದೆ. ನೋಡಿದರೆ ಸಣ್ಣ ದಪ್ಪ ಎಲೆಯ ನೀರುಬ್ರಾಹ್ಮಿ, ತಂಬುಳಿ ಮಾಡಿದರೆ ಬರೀ ಕಹಿ. ಒಂದೆಲಗಕ್ಕೂ ಇದಕ್ಕೂ ಬ್ರಾಹ್ಮಿ ಅಂತಲೇ ಹೆಸರು, ಯಾರನ್ನು ಬೈಯಲಿ? ಆಮೇಲೆ ಊರಿಂದಲೇ ಬಳ್ಳಿ ತಂದು ಮಣ್ಣಿನ ಕುಂಡಕ್ಕೆ ಹಾಕಿದೆ. ಏಪ್ರಿಲ್ ಬಿಸಿಲಿಗೆ ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೆ ಇಲ್ಲ, ಬೋರ್‌ವೆಲ್ ನೀರಿನ ಉಪ್ಪು ಕುಂಡದ ಮೇಲೆಲ್ಲ ಬಿಳಿ ಕಟ್ಟಿತು, ಎಲೆ ಅಂಚಿನಿಂದ ಸುಟ್ಟ ಹಾಗಾಯಿತು. ಕುಂಡ, ಕೋಕೋಪೀಟ್, ಗೊಬ್ಬರ ಎಲ್ಲ ಸೇರಿ ಸಾವಿರದ ಐನೂರರ ಹತ್ತಿರ ಮಣ್ಣುಪಾಲು.

ಕೊನೆಗೆ ಕೈ ಹಿಡಿದಿದ್ದು ಮೀನು ಮಾರ್ಕೆಟ್ಟಿನ ಥರ್ಮಾಕೋಲ್ ಪೆಟ್ಟಿಗೆ. ಒಂದಕ್ಕೆ 20 ರೂಪಾಯಿ. ವಾಸನೆ ಹೋಗಲು ವಾರ ಬೇಕು, ಮನೆಯವರ ಮಾತೂ ಕೇಳಬೇಕು. ತಳಕ್ಕೆ ತೂತು ಹಾಕಲಿಲ್ಲ. ತಳದಿಂದ ಎರಡು ಇಂಚು ಮೇಲೆ ಪಕ್ಕಕ್ಕೆ ಹಾಕಿದೆ, ಕೆಳಗೆ ಸದಾ ನೀರು ನಿಂತಿರುತ್ತದೆ. ಕೆರೆ ಗೋಡು ಅರ್ಧ, ಉಳಿದಿದ್ದು ಕೊಳೆತ ಸಗಣಿ ಗೊಬ್ಬರ, ಕೆಂಪುಮಣ್ಣು. ಮೇಲೆ ಹಸಿರು ನೆರಳು ಪರದೆ. ನೀರು ಮಾತ್ರ ಎದುರು ಮನೆ ಎಸಿಯಿಂದ ತೊಟ್ಟಿಕ್ಕುವುದು, ಬೇಸಿಗೆಯಲ್ಲಿ ದಿನಕ್ಕೆ ಹೆಚ್ಚುಕಮ್ಮಿ ಒಂದು ಬಕೆಟ್, ಉಪ್ಪಿನ ಕಾಟವೇ ಇಲ್ಲ. ಹದಿನೈದು ದಿನಕ್ಕೊಮ್ಮೆ ಅದಕ್ಕೆ ಒಂದು ಅಡುಗೆಮನೆ ಸಾಮಾನು ಬೆರೆಸುತ್ತೇನೆ, ಅದೇನು ಅಂತ ಸದ್ಯಕ್ಕೆ ಹೇಳುವುದಿಲ್ಲ.

ಈಗ 9 ಪೆಟ್ಟಿಗೆ ಇವೆ. ಗೆಣ್ಣು ತಾಗಿದಲ್ಲೆಲ್ಲ ಬೇರು ಬಿಟ್ಟು ಹಬ್ಬುತ್ತಿದೆ. ವಾರಕ್ಕೆ 12–15 ಕಟ್ಟು ಸಿಗುತ್ತದೆ, ಕಟ್ಟಿಗೆ 20 ರೂಪಾಯಿ. ಕೆಳಗಿನ ಮನೆಯ ಮಂಗಳೂರಿನವರು "ತಿಮರೆ ಸಿಕ್ತು!" (ತುಳುವಿನಲ್ಲಿ ಒಂದೆಲಗಕ್ಕೆ ಅದೇ ಹೆಸರು) ಅಂತ ನಾಲ್ಕು ಕಟ್ಟು ಕಾಯಂ ಒಯ್ಯುತ್ತಾರೆ. ಕಳೆದುಕೊಂಡ ದುಡ್ಡು ಎರಡು ತಿಂಗಳಲ್ಲಿ ವಾಪಸ್ ಬಂತು. ದೀಪಾವಳಿಗೆ ಬಂದ ಅಮ್ಮ, ಎಲೆ ದೊಡ್ಡದು, ಘಮ ಸಾಲದು ಅಂದಳು. ಆದರೆ ತಂಬುಳಿ ಎರಡು ಸಲ ಬಡಿಸಿಕೊಂಡಳು, ನಾನು ಲೆಕ್ಕ ಇಟ್ಟಿದ್ದೇನೆ. ನಾನು ಬಾಡಿಸುವುದಿಲ್ಲ, ದಂಟು ಸಮೇತ ಹಸಿಯಾಗಿಯೇ ರುಬ್ಬುತ್ತೇನೆ.

ಒಣಗಿಸಿ ಪುಡಿ ಮಾಡಿಯೂ ನೋಡಿದೆ, ಹುಲ್ಲಿನ ರುಚಿ. ಕಾಯಿ ಹಾಕದೆ ರುಬ್ಬಿ ಐಸ್ ಟ್ರೇಯಲ್ಲಿ ಗಟ್ಟಿ ಮಾಡಿಟ್ಟಿದ್ದು ತಿಂಗಳು ಚೆನ್ನಾಗಿತ್ತು. ಕೊಬ್ಬರಿ ಎಣ್ಣೆಗೆ ಹಾಕಿ ಕಾಯಿಸಿ ಆರು ತಿಂಗಳಿಂದ ತಲೆಗೆ ಹಚ್ಚುತ್ತಿದ್ದೇನೆ. ಕೂದಲು ಇನ್ನೂ ಉದುರುತ್ತಿದೆ, ಹಾಗಾಗಿ ದಯವಿಟ್ಟು ಯಾರೂ ಎಣ್ಣೆ ಕೇಳಬೇಡಿ.