ಮೊದಲ ಫೋನ್ ಯಾರಿಗೆ ಹೋಯಿತು?

ಲೈಂಗಿಕ ಕಿರುಕುಳದ ದೂರು ಹೊತ್ತು ಯಾರೇ ಬರಲಿ, ಅವರು ಕೂತು ಒಂದು ಲೋಟ ನೀರು ಕುಡಿದ ಮೇಲೆ ನಾನು ಕೇಳುವ ಮೊದಲ ಪ್ರಶ್ನೆ ಒಂದೇ. 'ಇಲ್ಲಿಗೆ ಬರುವ ಮುಂಚೆ ಇದನ್ನು ಯಾರಿಗಾದರೂ ಹೇಳಿದ್ರಾ?' ಏನಾಯಿತು ಅನ್ನೋದನ್ನು ಆಮೇಲೆ ಕೇಳುತ್ತೇನೆ. ಫುಟ್‌ಬಾಲ್ ತಂಡದ ವಿಷಯವಾದರೆ ಉತ್ತರ ಹೆಚ್ಚು ಕಮ್ಮಿ ಹೀಗೇ ಇರುತ್ತದೆ. 'ಕೋಚ್‌ಗಳಲ್ಲಿ ಒಬ್ಬರಿಗೆ ಹೇಳಿದ್ದೆ. ನಾನು ನೋಡ್ಕೋತೀನಿ ಅಂದ್ರು.'

ಆ 'ನೋಡ್ಕೋತೀನಿ' ಅನ್ನುವ ಮಾತಿನಿಂದ ಎಷ್ಟು ಜನರ ಬದುಕು ಹಾಳಾಗಿದೆ ಅಂತ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಮೆರಿಕದ ಒಂದು ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ನಾನು ಒಂಬತ್ತು ವರ್ಷದಿಂದ ತನಿಖೆಯ ಕೆಲಸ ಮಾಡುತ್ತಿದ್ದೇನೆ. ಅದಕ್ಕೂ ಮುಂಚೆ ಹಾಸನದ ಕೋರ್ಟಿನಲ್ಲಿ ಮೂರು ವರ್ಷ ವಕೀಲಿ ಮಾಡಿದ್ದೆ. ನಮ್ಮದನ್ನು ಎಲ್ಲರೂ ಟೈಟಲ್ ನೈನ್ ಆಫೀಸ್ ಅಂತ ಕರೆಯುತ್ತಾರೆ. ಅದು 1972ರ ಒಂದು ಕಾನೂನಿನ ಹೆಸರು. ಕೇಂದ್ರ ಸರ್ಕಾರದ ದುಡ್ಡು ಪಡೆಯುವ ಯಾವ ಶಾಲೆ ಕಾಲೇಜಿನಲ್ಲೂ ಹೆಣ್ಣು ಗಂಡು ಅಂತ ಭೇದ ಮಾಡಬಾರದು ಅನ್ನುತ್ತದೆ. ಲೈಂಗಿಕ ಕಿರುಕುಳ, ದೌರ್ಜನ್ಯದ ದೂರುಗಳೂ ಅದರ ಅಡಿಯಲ್ಲೇ ಬರುತ್ತವೆ.

ಇಲ್ಲಿನ ಫುಟ್‌ಬಾಲ್ ಬೇರೆ ಆಟ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುವ, ಮೈಮೇಲೆ ಬಿದ್ದು ಕೆಡಹುವ ಆಟ. ಕಾಲೇಜು ಹುಡುಗರದ್ದು ಅಂತ ಸಣ್ಣದಾಗಿ ತಿಳಿಯಬೇಡಿ. ಮಿಷಿಗನ್ ವಿಶ್ವವಿದ್ಯಾಲಯದ ಸ್ಟೇಡಿಯಂನಲ್ಲಿ 1,07,000ಕ್ಕೂ ಜಾಸ್ತಿ ಜನ ಕೂರುತ್ತಾರೆ. ನಮ್ಮ ಚಿನ್ನಸ್ವಾಮಿ ಸ್ಟೇಡಿಯಂ ಪೂರ್ತಿ ತುಂಬಿದಾಗ ಇರುವ ಜನರ ಎರಡು ಪಟ್ಟಿಗೂ ಹೆಚ್ಚು. ಎಷ್ಟೋ ರಾಜ್ಯಗಳಲ್ಲಿ ಸರ್ಕಾರಿ ಸಂಬಳ ತೆಗೆದುಕೊಳ್ಳುವವರ ಪೈಕಿ ಎಲ್ಲರಿಗಿಂತ ಜಾಸ್ತಿ ಸಂಬಳ ಫುಟ್‌ಬಾಲ್ ಕೋಚ್‌ಗೇ. ಅಂಥ ಕೋಚ್ ಮೇಲೆ ಇಪ್ಪತ್ತು ವರ್ಷದ ಹುಡುಗಿ ದೂರು ಕೊಡುತ್ತಾಳೆ ಅಂದರೆ ಅವಳ ಎದೆ ಎಷ್ಟು ಹೊಡೆದುಕೊಳ್ಳಬೇಡ?

ಪೆನ್ಸಿಲ್ವೇನಿಯಾದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಏನಾಯಿತು ಅಂತ ತಿಳಿಯದೆ ಈ ಕೆಲಸಕ್ಕೆ ಯಾರೂ ಬರುವುದಿಲ್ಲ. 2001ರಲ್ಲಿ ಅಲ್ಲಿನ ಒಬ್ಬ ಕಿರಿಯ ಕೋಚ್, ಲಾಕರ್ ರೂಮಿನ ಶವರ್‌ನಲ್ಲಿ ಮಾಜಿ ಅಸಿಸ್ಟೆಂಟ್ ಕೋಚ್ ಜೆರ್ರಿ ಸ್ಯಾಂಡಸ್ಕಿ ಒಬ್ಬ ಚಿಕ್ಕ ಹುಡುಗನ ಜೊತೆ ಇದ್ದದ್ದನ್ನು ನೋಡಿದರು. ಮರುದಿನ ಹೆಡ್ ಕೋಚ್ ಜೋ ಪಟರ್ನೊ ಮನೆಗೆ ಹೋಗಿ ಹೇಳಿದರು. ಪಟರ್ನೊ ಕ್ರೀಡಾ ವಿಭಾಗದ ಮುಖ್ಯಸ್ಥರಿಗೆ ಹೇಳಿದರು. ಅದು ಇನ್ನೂ ಮೇಲಕ್ಕೆ ಹೋಯಿತು. ಪ್ರತಿಯೊಬ್ಬರೂ ತಮ್ಮ ಮೇಲಿನವರಿಗೆ ಹೇಳಿದರು, ಪೊಲೀಸರಿಗೆ ಮಾತ್ರ ಯಾರೂ ಹೇಳಲಿಲ್ಲ. ಸ್ಯಾಂಡಸ್ಕಿ ಬಂಧನವಾದದ್ದು 2011ರ ನವೆಂಬರ್‌ನಲ್ಲಿ. ಮರುವರ್ಷ 45 ಆರೋಪಗಳು ಸಾಬೀತಾದವು, 30ರಿಂದ 60 ವರ್ಷ ಜೈಲು ಆಯಿತು. ಆ ನಡುವಿನ ಹತ್ತು ವರ್ಷಗಳನ್ನು ನೆನೆದರೆ ಈಗಲೂ ನನ್ನ ಹೊಟ್ಟೆ ತೊಳಸುತ್ತದೆ.

ಟೆಕ್ಸಾಸ್‌ನ ಬೇಲರ್ ವಿಶ್ವವಿದ್ಯಾಲಯದ್ದು ಇನ್ನೊಂದು ಬಗೆ. ಅಲ್ಲಿ ಲೈಂಗಿಕ ದೌರ್ಜನ್ಯದ ದೂರುಗಳನ್ನು ಹೇಗೆ ನಿಭಾಯಿಸಿದರು ಅಂತ ಹೊರಗಿನ ವಕೀಲರ ಸಂಸ್ಥೆಯೊಂದು ತನಿಖೆ ಮಾಡಿತು. ಅದರ ನಿರ್ಣಯಗಳು 2016ರ ಮೇ ತಿಂಗಳಲ್ಲಿ ಹೊರಬಂದವು. ಫುಟ್‌ಬಾಲ್ ವಿಭಾಗ ವಿಶ್ವವಿದ್ಯಾಲಯದ ನಿಯಮಗಳ ಹೊರಗೆ ತನ್ನದೇ ಶಿಸ್ತಿನ ವ್ಯವಸ್ಥೆ ನಡೆಸುತ್ತಿತ್ತು ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಹೆಡ್ ಕೋಚ್ ಆರ್ಟ್ ಬ್ರೈಲ್ಸ್ ಕೆಲಸ ಹೋಯಿತು. ಅಧ್ಯಕ್ಷರಾಗಿದ್ದ ಕೆನ್ ಸ್ಟಾರ್ ಅವರನ್ನೂ ಆ ಹುದ್ದೆಯಿಂದ ಇಳಿಸಿದರು.

ನಮ್ಮ ಕೋಚ್‌ಗಳಿಗೆ ಪ್ರತಿ ಜುಲೈನಲ್ಲಿ ತರಬೇತಿ ಕೊಡುವಾಗ ಈ ಎರಡನ್ನೂ ಹೇಳುತ್ತೇನೆ. ಕೋಚ್‌ಗಳು ಯಾವಾಗಲೂ 'ನಾವು ಒಂದು ಕುಟುಂಬ' ಅನ್ನುತ್ತಾರೆ. ಅದನ್ನು ಅವರು ಮನಸಾರೆ ಹೇಳುತ್ತಾರೆ, ನನಗೆ ಗೊತ್ತು. ಆದರೆ ಕುಟುಂಬ ಅಂದ ತಕ್ಷಣ ನನಗೆ ಅಜ್ಜಿ ಹೇಳುತ್ತಿದ್ದ ಮಾತು ನೆನಪಾಗುತ್ತದೆ. ಮನೆ ಮಾತು ಹೊಸ್ತಿಲು ದಾಟಬಾರದು. ಆ ಮಾತಿನ ನೆರಳಲ್ಲಿ ನಮ್ಮ ಕಡೆ ಎಷ್ಟು ಹೆಣ್ಣುಮಕ್ಕಳು ಬಾಯಿ ಮುಚ್ಚಿಕೊಂಡು ಬಾಳಿದ್ದಾರೆ ಅಂತ ನಮಗೆಲ್ಲ ಗೊತ್ತು, ಅಲ್ವಾ? ಕೋಚ್‌ಗಳಿಗೆ ನಾನು ಹೇಳುವುದು ಇಷ್ಟೇ: ನಿಮ್ಮ ಕಿವಿಗೆ ಬಿದ್ದದ್ದು ಅದೇ ದಿನ ಹೊಸ್ತಿಲು ದಾಟಬೇಕು. ಸರಿನಾ ತಪ್ಪಾ ಅಂತ ನೀವು ವಿಚಾರಿಸಬೇಡಿ. ಯಾರ ಮೇಲೆ ಆರೋಪ ಇದೆಯೋ ಆ ಹುಡುಗನನ್ನು ಕರೆದು ಕೇಳಬೇಡಿ. ನಮಗೆ ಫೋನ್ ಮಾಡಿ. ಕ್ಲೆರಿ ಕಾಯ್ದೆ ಅಂತ 1990ರ ಇನ್ನೊಂದು ಕಾನೂನಿದೆ. ಅದರ ಪ್ರಕಾರ ಕ್ಯಾಂಪಸ್ಸಿನ ಅಪರಾಧಗಳನ್ನು ವರದಿ ಮಾಡಬೇಕಾದವರ ಪಟ್ಟಿಯಲ್ಲಿ ಕೋಚ್‌ಗಳೂ ಇದ್ದಾರೆ. ಅದನ್ನು ಸರಿಯಾಗಿ ಪಾಲಿಸದ ಕಾರಣಕ್ಕೆ 2016ರಲ್ಲಿ ಪೆನ್ ಸ್ಟೇಟ್‌ಗೆ ಸುಮಾರು 24 ಲಕ್ಷ ಡಾಲರ್ ದಂಡ ಬಿತ್ತು.

ಈಗ ನನ್ನದೇ ಒಂದು ಕೇಸಿಗೆ ಬರುತ್ತೇನೆ. ಯಾರ ಗುರುತೂ ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಹುಡುಗಿ ಮೂರನೇ ವರ್ಷದ ವಿದ್ಯಾರ್ಥಿನಿ. ಆಟಗಾರರ ಗಾಯ, ಪೆಟ್ಟು ನೋಡಿಕೊಳ್ಳುವ ಅಥ್ಲೆಟಿಕ್ ಟ್ರೈನರ್‌ಗಳ ಕೈಕೆಳಗೆ ಕೆಲಸ ಕಲಿಯುತ್ತಿದ್ದಳು. ಬೆಳಗ್ಗೆ ಐದೂವರೆಗೆ ಬಂದು ಐಸ್ ತುಂಬುವುದು, ಹುಡುಗರ ಕಾಲಿಗೆ, ಬೆರಳಿಗೆ ಟೇಪ್ ಸುತ್ತುವುದು. ಒಬ್ಬ ಅಸಿಸ್ಟೆಂಟ್ ಕೋಚ್ ಅವಳಿಗೆ ರಾತ್ರಿ ಹೊತ್ತು ಮೆಸೇಜ್ ಕಳಿಸಲು ಶುರುಮಾಡಿದ. ಮೊದಲು ಪ್ರಾಕ್ಟೀಸ್ ಎಷ್ಟು ಗಂಟೆಗೆ ಅಂತ. ಆಮೇಲೆ ಅವಳ ಬಟ್ಟೆ ಬಗ್ಗೆ. ಆಮೇಲೆ ಟೇಪಿಂಗ್ ರೂಮಿನಲ್ಲಿ ಒಬ್ಬಳೇ ಇದ್ದಾಗ ಬಂದು ಬಾಗಿಲು ಹಾಕಿಕೊಂಡ. ಅವಳು ಇದನ್ನು ತಂಡದ ಆಡಳಿತ ನೋಡುವ ಒಬ್ಬರಿಗೆ ಹೇಳಿದಳು. ಅವರು ಸೀಸನ್ ಮುಗೀಲಿ ಅಂದರು. ಮರುವಾರವೇ ಅವಳನ್ನು ಫುಟ್‌ಬಾಲ್‌ನಿಂದ ತೆಗೆದು ಈಜು ತಂಡಕ್ಕೆ ಹಾಕಿದರು. 'ನಿನ್ನ ಒಳ್ಳೇದಕ್ಕೇ' ಅಂದರಂತೆ.

ಅವಳು ನಮ್ಮ ಆಫೀಸಿಗೆ ಬರುವ ಹೊತ್ತಿಗೆ ಏಳು ವಾರ ಕಳೆದಿತ್ತು.

ಅವತ್ತು ನಾನು ಮಾಡಿದ ಮೊದಲ ಕೆಲಸ ಅವಳ ಜಾಗ ಅವಳಿಗೆ ವಾಪಸ್ ಕೊಡಿಸಿದ್ದು. ದೂರು ಕೊಟ್ಟವರನ್ನೇ ಎತ್ತಿ ಬೇರೆ ಕಡೆ ಕೂರಿಸುವುದು ನಮ್ಮ ಊರಲ್ಲೂ ನಡೆಯುತ್ತದೆ, ಇಲ್ಲೂ ನಡೆಯುತ್ತದೆ. ಮಾಡುವವರಿಗೆ ಅದು ಸುಲಭ ಅನ್ನಿಸುತ್ತದೆ. ಆದರೆ ಉಳಿದ ಹುಡುಗಿಯರೆಲ್ಲ ಅದನ್ನು ನೋಡುತ್ತಿರುತ್ತಾರೆ, ಬಾಯಿಬಿಟ್ಟರೆ ತಮಗೂ ಇದೇ ಗತಿ ಅಂತ ಕಲಿಯುತ್ತಾರೆ. ತನಿಖೆ ಮುಗಿಯುವವರೆಗೆ ನೌಕರನನ್ನು ರಜೆಯ ಮೇಲೆ ಕಳಿಸಲು ನಿಯಮದಲ್ಲಿ ಅವಕಾಶವಿದೆ. ಕೋಚ್‌ನನ್ನು ರಜೆಯ ಮೇಲೆ ಕಳಿಸಲು ನಾಲ್ಕು ದಿನ ಜಗಳವಾಡಬೇಕಾಯಿತು. ಆ ಶನಿವಾರ ದೊಡ್ಡ ಮ್ಯಾಚ್ ಇತ್ತು.

ಎರಡನೆಯದು ಫೋನ್. ಸ್ಕ್ರೀನ್‌ಶಾಟ್ ನಂಬಿ ಕೂರಬಾರದು ಅಂತ ಕಷ್ಟಪಟ್ಟು ಕಲಿತಿದ್ದೇನೆ. ಸ್ಕ್ರೀನ್‌ಶಾಟ್‌ನಲ್ಲಿ ಮೇಲಿನ ಸಾಲು ಕೆಳಗಿನ ಸಾಲು ಕತ್ತರಿಸಿ ಹೋಗಿರುತ್ತದೆ, ತಾರೀಖು ಕಾಣುವುದಿಲ್ಲ. ಅವಳ ಪಕ್ಕ ಕೂತು, ಅವಳೇ ಫೋನ್ ಹಿಡಿದುಕೊಂಡು, ಮೊದಲ ಮೆಸೇಜಿನಿಂದ ಕೊನೆಯವರೆಗೆ ಇಬ್ಬರೂ ಓದಿದೆವು. ರಾತ್ರಿ 11:47ರ ಒಂದು ಮೆಸೇಜಿಗೆ ಅವಳು ಹೆಬ್ಬೆರಳು ಎತ್ತಿದ ಎಮೋಜಿ ಹಾಕಿದ್ದಳು. ಅಲ್ಲಿಗೆ ಬಂದಾಗ ಅವಳ ಬೆರಳು ನಿಂತಿತು. 'ಏನಾದ್ರೂ ಹಾಕಿದ್ರೆ ಅವತ್ತಿಗೆ ಮುಗಿಯುತ್ತೆ ಅಂತ ಹಾಕ್ದೆ' ಅಂದಳು. ಅವಳ ಆ ಮಾತನ್ನು ಒಂದಕ್ಷರ ಬದಲಿಸದೆ ಬರೆದುಕೊಂಡೆ. ಎದುರು ಪಕ್ಷದವರು ಆ ಹೆಬ್ಬೆರಳನ್ನು ಹಿಡಿದುಕೊಂಡೇ ಬರುತ್ತಾರೆ ಅಂತ ಗೊತ್ತಿತ್ತು. ಹಾಗೇ ಬಂದರು ಕೂಡ.

ಮೂರನೆಯದು ಸಾಕ್ಷಿಗಳು. ಅಸಿಸ್ಟೆಂಟ್ ಕೋಚ್ ಐದು ಆಟಗಾರರ ಹೆಸರು ಕೊಟ್ಟಿದ್ದ. ಬುಧವಾರ ಇಬ್ಬರು, ಗುರುವಾರ ಮೂವರು ಬಂದರು. ಮೊದಲನೆಯವನು ಹೇಳಿದ, 'ಅವಳು ಎಲ್ಲರ ಹತ್ತಿರ ಸಲಿಗೆಯಿಂದ ಇರ್ತಾಳೆ, ಕೋಚ್ ಮಾತ್ರ ತಮ್ಮ ಅಂತರದಲ್ಲೇ ಇರ್ತಾರೆ.' ಎರಡನೆಯವನೂ ಅದನ್ನೇ ಹೇಳಿದ. ಮೂರನೆಯವನು ಹೇಳುವಾಗ ನನ್ನ ಪೆನ್ನು ತಾನಾಗೇ ನಿಂತಿತು. ಅದೇ ಪದಗಳು, ಅದೇ ಸಾಲು. ಕೋರ್ಟಿನಲ್ಲಿ ಇಂಥದ್ದನ್ನು ನೋಡಿದ್ದೆ. ಹಾಸನದಲ್ಲಿ ನಮ್ಮ ಸೀನಿಯರ್ ಒಬ್ಬರು, ನಿಜ ಹೇಳುವ ಇಬ್ಬರ ಮಾತು ಎಂದೂ ಒಂದೇ ಅಚ್ಚಿನಲ್ಲಿ ಬರೋದಿಲ್ಲಪ್ಪ ಅನ್ನುತ್ತಿದ್ದರು.

ಐದನೆಯವನು ಬಂದಾಗ ಆ ಸಾಲು ಹೇಳಲು ಬಿಟ್ಟೆ. ಆಮೇಲೆ ಸುಮ್ಮನೆ ಕೇಳಿದೆ. 'ಈ ಮಾತು ನಿಂದೇನಾ?' ಆರೂವರೆ ಅಡಿ ಎತ್ತರದ ಹುಡುಗ. ಬಲಗೈ ಉಂಗುರದ ಬೆರಳಿಗೆ ಬಿಳಿ ಟೇಪ್ ಸುತ್ತಿತ್ತು. ಅದರ ಅಂಚನ್ನು ಉಗುರಿನಿಂದ ಕೆರೆಯುತ್ತಾ ಕೂತ. ಸ್ವಲ್ಪ ಸ್ವಲ್ಪವೇ ಬಿಚ್ಚುತ್ತಾ ಹೋದ. ನಾನು ಮಾತಾಡಲಿಲ್ಲ. ಟೇಪು ಪೂರ್ತಿ ಬಿಚ್ಚಿ ಮೇಜಿನ ಮೇಲೆ ಉಂಡೆಯಾದ ಮೇಲೆ ಅವನು ತಲೆ ಎತ್ತಿದ. 'ಹೋದ ವರ್ಷ ನನ್ನ ಬೆರಳು ಮುರಿದಾಗ ಒಂದು ದಿನ ಬಿಡದೆ ಕಟ್ಟಿದ್ದು ಅವಳೇ' ಅಂದ. ಆಮೇಲೆ ಉಳಿದದ್ದು ಹೊರಗೆ ಬಂತು. ಮಂಗಳವಾರ ರಾತ್ರಿ ಮೀಟಿಂಗ್ ರೂಮಿಗೆ ಐವರನ್ನೂ ಕರೆದು, ಏನು ಹೇಳಬೇಕು ಅಂತ ಬೋರ್ಡಿನ ಮೇಲೆ ಬರೆದು ತೋರಿಸಿದ್ದರು. ಅವನ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವನು ಅವನು. ಸ್ಕಾಲರ್‌ಶಿಪ್ ಹೋದರೆ ಊರಿಗೆ ವಾಪಸ್. ಆ ಭಯದಲ್ಲೂ ಅವನು ಬಾಯಿಬಿಟ್ಟದ್ದನ್ನು ನಾನು ಮರೆಯುವುದಿಲ್ಲ.

ಅವತ್ತೇ ಸಂಜೆ ಸಾಕ್ಷಿಗಳ ಮೇಲೆ ಒತ್ತಡ ಹಾಕಿದ್ದರ ಬಗ್ಗೆ ಬೇರೆ ಕೇಸು ತೆರೆದೆ. ಸಾಕ್ಷಿ ಹೇಳಿದವನಿಗೆ ಯಾರೂ ತೊಂದರೆ ಕೊಡಬಾರದು ಅಂತ ಕ್ರೀಡಾ ವಿಭಾಗದ ಮುಖ್ಯಸ್ಥರಿಗೆ ಲಿಖಿತವಾಗಿ ಕೊಟ್ಟೆ. ಇದರಲ್ಲಿ ನನ್ನ ತಪ್ಪೂ ಇತ್ತು. ಐವರಿಗೂ ಮೂರು ದಿನ ಮುಂಚೆ ಇಮೇಲ್ ಕಳಿಸಿದ್ದೆ. ಎರಡು ದಿನ ಹರಡಿ ಕರೆದಿದ್ದೆ. ಈಗ ಸಾಕ್ಷಿಗಳನ್ನೆಲ್ಲ ಒಂದೇ ದಿನ, ಒಬ್ಬರ ಹಿಂದೆ ಒಬ್ಬರಂತೆ ಮಾತಾಡಿಸುತ್ತೇನೆ. ಫುಟ್‌ಬಾಲ್ ಕಟ್ಟಡದಲ್ಲಿ ಮಾತಾಡಿಸುವುದಿಲ್ಲ, ಲೈಬ್ರರಿಯ ಹಿಂದಿನ ಒಂದು ಸಣ್ಣ ಕೋಣೆ ಇಟ್ಟುಕೊಂಡಿದ್ದೇನೆ.

ಇಷ್ಟು ಓದಿದ ಮೇಲೆ ನಾನು ಹುಡುಗಿಯ ಪಕ್ಷ ಅಂತ ನಿಮಗೆ ಅನ್ನಿಸಿರಬಹುದು. ತನಿಖೆ ಮಾಡುವವರು ಯಾರ ಪಕ್ಷವನ್ನೂ ವಹಿಸಬಾರದು. 2006ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಲಕ್ರಾಸ್ (ಬಲೆ ಕಟ್ಟಿದ ಕೋಲಿನಿಂದ ಚೆಂಡು ಎಸೆಯುವ ಆಟ) ತಂಡದ ಮೂವರ ಮೇಲೆ ಅತ್ಯಾಚಾರದ ಆರೋಪ ಬಂತು. ಇಡೀ ದೇಶ ಅವರನ್ನು ತಪ್ಪಿತಸ್ಥರು ಅಂದುಕೊಂಡಿತು. ಮರುವರ್ಷ ರಾಜ್ಯದ ಅಟಾರ್ನಿ ಜನರಲ್ ಆ ಮೂವರೂ ನಿರಪರಾಧಿಗಳು ಅಂತ ಘೋಷಿಸಿದರು. ಕೇಸು ನಡೆಸಿದ್ದ ಜಿಲ್ಲಾ ಪ್ರಾಸಿಕ್ಯೂಟರ್ ತಮ್ಮ ವಕೀಲಿ ಸನ್ನದನ್ನೇ ಕಳೆದುಕೊಂಡರು. ಆ ಹುಡುಗರ ಒಂದು ವರ್ಷವನ್ನು ಯಾರು ವಾಪಸ್ ಕೊಡಬೇಕು?

ಹಾಗಾಗಿ ನಮ್ಮ ಅಸಿಸ್ಟೆಂಟ್ ಕೋಚ್‌ಗೂ ಅಷ್ಟೇ ತಾಳ್ಮೆಯಿಂದ ಕಿವಿಗೊಟ್ಟೆ. ಯಾವ ದಿನ, ಎಲ್ಲಿ, ಏನು ಆರೋಪ ಅಂತ ಮೊದಲೇ ಬರೆದು ಕೊಟ್ಟೆ. ಉತ್ತರಕ್ಕೆ ತಯಾರಾಗಲು ಸಮಯ ಕೊಟ್ಟೆ. ಟೇಪಿಂಗ್ ರೂಮಿನ ಘಟನೆಗೆ ಅವಳು ಹೇಳಿದ ದಿನ ತಂಡ ಬೇರೆ ಊರಿನಲ್ಲಿತ್ತು ಅಂತ ಅವನು ತೋರಿಸಿದ. ಪ್ರಯಾಣದ ಪಟ್ಟಿ ತರಿಸಿ ನೋಡಿದೆ. ಅವನು ಹೇಳಿದ್ದು ಸರಿಯಾಗಿತ್ತು. ಅವಳನ್ನು ಮತ್ತೆ ಕರೆದು ಕೇಳಿದಾಗ ಅವಳು ಬಹಳ ಹೊತ್ತು ಅತ್ತಳು. ಐಸ್ ಮೆಷಿನ್ ಕೆಟ್ಟಿದ್ದ ದಿನ ಅಂತ ಅವಳಿಗೆ ನೆನಪಿತ್ತು. ರಿಪೇರಿಯ ಬಿಲ್ ಹುಡುಕಿಸಿದೆ. ಅದರ ಮೇಲಿದ್ದ ತಾರೀಖು ಒಂದು ವಾರ ಹಿಂದಿನದು. ಆ ದಿನ ತಂಡ ಊರಲ್ಲೇ ಇತ್ತು. ಅವಳು ತಪ್ಪು ತಾರೀಖು ಹೇಳಿದ್ದು, ಬಿಲ್ ಸಿಕ್ಕಿದ್ದು, ಎರಡನ್ನೂ ವರದಿಯಲ್ಲಿ ಹಾಕಿದೆ. ಒಂದನ್ನು ಬಿಟ್ಟಿದ್ದರೂ ಆ ವರದಿಗೆ ಬೆಲೆ ಇರುತ್ತಿರಲಿಲ್ಲ.

ನಿಯಮಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಸರ್ಕಾರ ಬದಲಾದಾಗೆಲ್ಲ ಅವೂ ಬದಲಾಗುತ್ತವೆ. 2020ರಲ್ಲಿ ಬಂದ ನಿಯಮಗಳನ್ನು 2024ರಲ್ಲಿ ಬದಲಿಸಿದರು. 2025ರ ಜನವರಿಯಲ್ಲಿ ಕೆಂಟಕಿಯ ಫೆಡರಲ್ ಕೋರ್ಟ್ ಹೊಸದನ್ನು ರದ್ದು ಮಾಡಿತು, ಮತ್ತೆ 2020ರದ್ದೇ ಬಂತು. ಅದರ ಪ್ರಕಾರ ಸಾಕ್ಷ್ಯವನ್ನೆಲ್ಲ ನೋಡಿ ಉತ್ತರ ಕೊಡಲು ಎರಡೂ ಕಡೆಗೆ ಕನಿಷ್ಠ 10 ದಿನ ಕೊಡಬೇಕು. ಆಮೇಲೆ ಎದುರುಬದುರು ವಿಚಾರಣೆ. ಪಾಟಿಸವಾಲನ್ನು ಇಬ್ಬರ ಸಲಹೆಗಾರರು ಮಾಡುತ್ತಾರೆ. ತೀರ್ಪು ಕೊಡುವವರು ತನಿಖೆ ಮಾಡಿದವರಾಗಿರಬಾರದು. ಈ ಕೊನೆಯ ನಿಯಮ ನನಗೆ ತುಂಬಾ ಇಷ್ಟ. ತಿಂಗಳುಗಟ್ಟಲೆ ಒಂದು ಕೇಸಿನೊಳಗೆ ಮುಳುಗಿದವರಿಗೆ ತಮ್ಮ ಊಹೆಯೇ ಸತ್ಯದಂತೆ ಕಾಣಲು ಶುರುವಾಗುತ್ತದೆ.

ವಿಚಾರಣೆಗೆ ಒಂಬತ್ತು ದಿನ ಇರುವಾಗ ಅಸಿಸ್ಟೆಂಟ್ ಕೋಚ್ ರಾಜೀನಾಮೆ ಕೊಟ್ಟ. ಹಾಗಾದಾಗ ದೂರನ್ನು ಅಲ್ಲಿಗೇ ಮುಚ್ಚಬಹುದು ಅಂತ ನಿಯಮ ಹೇಳುತ್ತದೆ. ಮುಚ್ಚಲೇಬೇಕು ಅಂತ ಹೇಳುವುದಿಲ್ಲ. ಮೇಲಿನವರು ಮುಚ್ಚೋಣ ಅಂದರು. ನಾನು ಬೇಡ ಅಂದೆ. ಎರಡು ಸಭೆ ಆಯಿತು, ದನಿಗಳು ಏರಿದವು. ಕೊನೆಗೆ ವಿಚಾರಣೆ ನಡೆಯಿತು. ಅವನು ಬರಲಿಲ್ಲ. ಆರೋಪ ಸಾಬೀತಾಗಿದೆ ಅಂತ ತೀರ್ಪು ಬಂತು, ಕಡತಕ್ಕೆ ಸೇರಿತು. ಬೋರ್ಡಿನ ಮೇಲೆ ಬರೆಸಿದವರೂ ಕೆಲಸ ಕಳೆದುಕೊಂಡರು. ಬೆರಳಿನ ಹುಡುಗ ಕೊನೆಯ ವರ್ಷದವರೆಗೂ ಆಡಿದ. ಹುಡುಗಿ ಡಿಗ್ರಿ ಮುಗಿಸಿದಳು.

ಮರುವರ್ಷ ಒಂದು ಶನಿವಾರ ಟಿವಿಯಲ್ಲಿ ಮ್ಯಾಚ್ ನೋಡುತ್ತಿದ್ದೆ. ಮೈದಾನದ ಅಂಚಿನಲ್ಲಿ, ಬೇರೊಂದು ತಂಡದ ಜೊತೆ, ಹೆಡ್‌ಸೆಟ್ ಹಾಕಿಕೊಂಡು ಆ ಅಸಿಸ್ಟೆಂಟ್ ಕೋಚ್ ನಿಂತಿದ್ದ. ಅವನನ್ನು ತೆಗೆದುಕೊಳ್ಳುವ ಮುಂಚೆ ಅಲ್ಲಿಂದ ನಮ್ಮ ಆಫೀಸಿಗೆ ಯಾರೂ ಫೋನ್ ಮಾಡಿರಲಿಲ್ಲ. ಕೈಯಲ್ಲಿದ್ದ ಕಾಫಿ ಆರಿಹೋಯಿತು.

ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ 2022ರಿಂದ ಒಂದು ನಿಯಮ ಪಾಲಿಸುವಂತೆ ಮಾಡಿದೆ. ಆಟಗಾರರು ಇಂಥ ತನಿಖೆ, ಶಿಕ್ಷೆ ಏನಾದರೂ ಇದ್ದರೆ ಪ್ರತಿ ವರ್ಷ ತಿಳಿಸಬೇಕು. ಬೇರೆ ಕಡೆಯಿಂದ ಬಂದವರ ಬಗ್ಗೆ ಹಳೆಯ ಕಾಲೇಜನ್ನು ವಿಚಾರಿಸಬೇಕು. ಆ ನಿಯಮ ಇರುವುದು ಆಟಗಾರರಿಗೆ. ಹತ್ತೊಂಬತ್ತರ ಹುಡುಗನನ್ನು ಕೇಳುವ ಪ್ರಶ್ನೆಯನ್ನು ಅವನಿಗೆ ಕಲಿಸುವ ನಲವತ್ತರ ಕೋಚ್‌ಗೆ ಯಾಕೆ ಕೇಳಬಾರದು ಅಂತ ನಮ್ಮಲ್ಲಿ ಒಂದು ವರ್ಷ ಹಿಡಿದು ಕೂತೆ. ಈಗ ಕೋಚ್ ಹುದ್ದೆಗೆ ಬರುವ ಪ್ರತಿಯೊಬ್ಬರೂ ತಮ್ಮ ಹಳೆಯ ಕಡತ ತೋರಿಸಲು ಒಪ್ಪಿ ಸಹಿ ಹಾಕಬೇಕು. ಆ ಕಾಗದ ಹಿಡಿದು ಅವರ ಹಿಂದಿನ ವಿಶ್ವವಿದ್ಯಾಲಯಗಳಿಗೆ ನಾನೇ ಫೋನ್ ಮಾಡುತ್ತೇನೆ. ಸೀದಾ ಟೈಟಲ್ ನೈನ್ ಆಫೀಸಿಗೆ ಮಾಡುತ್ತೇನೆ, ಅವರ ಹಳೆಯ ಹೆಡ್ ಕೋಚ್‌ಗಲ್ಲ.

ಹೋದ ವರ್ಷ ಅಂಥ ಒಂದು ಫೋನಿನಲ್ಲಿ ಹೆಸರು ಹೇಳಿದ ತಕ್ಷಣ ಆ ಕಡೆಯವರು ಒಂದು ಕ್ಷಣ ಮಾತಾಡಲಿಲ್ಲ. ಆಮೇಲೆ 'ಲೈನಲ್ಲೇ ಇರಿ, ಫೈಲ್ ತರ್ತೀನಿ' ಅಂದರು. ಆ ನೇಮಕಾತಿ ನಡೆಯಲಿಲ್ಲ.