ಶಿವರಾತ್ರಿ ಹೊತ್ತಿನ ತಿಳಿಗಡಲಿನಲ್ಲಿ ಕಂತಬಲೆ

ಸಂಕ್ರಾಂತಿ ಕಳೆದು ಶಿವರಾತ್ರಿ ಹತ್ತಿರವಾಗುವಾಗ ಉಡುಪಿ ಜಿಲ್ಲೆಯ ಗಂಗೊಳ್ಳಿಯಿಂದ ಮರವಂತೆಯವರೆಗಿನ ಕಡಲು ತಿಳಿಯಾಗುತ್ತದೆ. 6 ಮಾರು ನೀರಿನಲ್ಲಿ ಲಂಗರು ಹಾಕಿದರೆ ಅದರ ಹಗ್ಗ ಅರ್ಧದವರೆಗೂ ಕಾಣುತ್ತದೆ. ಹೊಳೆಗಳಿಂದ ಕೆಂಪು ನೀರು ಬರುವುದು ನಿಂತಿರುತ್ತದೆ, ಮಳೆಗಾಲದಲ್ಲಿ ಅಡಿಯಿಂದ ಮೇಲೇಳುವ ತಣ್ಣನೆಯ ನೀರೂ ಇರುವುದಿಲ್ಲ. ನೋಡುವವರಿಗೆ ಚೆಂದ. ಆದರೆ ನಮಗೆ ಕಾಣುವ ಹಗ್ಗ ಬಂಗುಡೆಗೂ ಕಾಣುತ್ತದೆ. ಡಿಸೆಂಬರಿನಲ್ಲಿ ಚೆನ್ನಾಗಿ ಹಿಡಿದ ಕಂತಬಲೆಯೇ (ನೀರಿನಲ್ಲಿ ಪರದೆಯಂತೆ ಇಳಿಬಿಟ್ಟು, ಕಣ್ಣುಗಳಲ್ಲಿ ಮೀನು ಸಿಕ್ಕಿಕೊಳ್ಳುವಂತೆ ಮಾಡುವ ಬಲೆ) ಫೆಬ್ರವರಿಯಲ್ಲಿ ಖಾಲಿ ಬರುವುದಕ್ಕೆ ಮೀನಿಲ್ಲದಿರುವುದೊಂದೇ ಕಾರಣವಲ್ಲ. ಎಷ್ಟೋ ಸಲ ಮೀನು ಬಲೆಯನ್ನು ನೋಡಿ ಬದಿಗೆ ಸರಿದಿರುತ್ತದೆ. ಈ ಎರಡು ತಿಂಗಳು ನಾನು ಮಾಡಿಕೊಳ್ಳುವ ಬದಲಾವಣೆಗಳೆಲ್ಲ ಇದಕ್ಕಾಗಿಯೇ.

ಮೊದಲು ನೂಲು. ಕಲಕಿದ ನೀರಿನಲ್ಲಿ 0.20 ಮಿ.ಮೀ. ಮೊನೊಫಿಲಮೆಂಟ್ (ಒಂದೇ ಎಳೆಯ ನೂಲು) ನಡೆಯುತ್ತದೆ, ತಿಳಿನೀರಿಗೆ 0.16 ಬೇಕು. ಬೇಗ ಹರಿಯುತ್ತದೆ ಎಂಬುದು ನಿಜ, ಆದರೂ ಹಿಡಿಯುವುದು ಅದೇ. ಬಂಗುಡೆಗೆ ಬಲೆಯ ಕಣ್ಣು 50ರಿಂದ 52 ಮಿ.ಮೀ. ಅಳೆಯುವಾಗ ಒಂದು ಕಣ್ಣನ್ನು ಪೂರ್ತಿ ಎಳೆದು ಗಂಟಿನಿಂದ ಗಂಟಿಗೆ ನೋಡಬೇಕು. ಅಂಗಡಿಯಲ್ಲಿ ಹೇಳಿದ ಅಳತೆಯನ್ನು ನಂಬದೆ 10 ಕಣ್ಣು ಒಟ್ಟಿಗೆ ಎಳೆದು ಅಳೆದು ಹತ್ತರಿಂದ ಭಾಗಿಸಿದರೆ ಮೋಸವಿಲ್ಲ. 100 ಮೀಟರ್ ಬಲೆಯನ್ನು 50 ಮೀಟರ್ ಹಗ್ಗಕ್ಕೆ ಕಟ್ಟುತ್ತೇನೆ. ಹೀಗೆ ಕಟ್ಟಿದರೆ 100 ಕಣ್ಣು ಎತ್ತರದ 50 ಮಿ.ಮೀ. ಬಲೆ ನೀರಿನಲ್ಲಿ ಸುಮಾರು 4.3 ಮೀಟರ್ ಇಳಿಯುತ್ತದೆ. ನೂಲು ಉಳಿಸಲು ಹೋಗಿ 60 ಮೀಟರಿಗೆ ಬಿಗಿದು ಕಟ್ಟಿದರೆ ಕಣ್ಣು ಅಡ್ಡಕ್ಕೆ ಅಗಲವಾಗಿ ತೆರೆದು ಬಲೆ ಗೋಡೆಯಂತೆ ಬಿಗಿಯಾಗಿ ನಿಲ್ಲುತ್ತದೆ. ಮೂತಿ ತಾಗಿದ ಮೀನು ಸಿಕ್ಕಿಕೊಳ್ಳದೆ ಹಿಂದೆ ಸರಿಯುತ್ತದೆ. ಬಲೆಯನ್ನು ತೇಲಿಸುವ ಬೆಂಡುಗಳ ಬಣ್ಣಕ್ಕೂ ಗಮನ ಕೊಡಿ. ಬಿಳಿ ಬೆಂಡು ಬೆಳದಿಂಗಳಲ್ಲಿ ಸಾಲಾಗಿ ಹೊಳೆಯುತ್ತದೆ, ನನ್ನವು ಮಾಸಲು ಹಸಿರು.

ಎರಡನೆಯದು ಕತ್ತಲು. ರಾತ್ರಿ ಬಂಗುಡೆ ಮೇಲಿನ ನೀರಿಗೆ ಬರುತ್ತದೆ, ಬೆಳಕು ಹರಿಯುತ್ತಲೇ ಕೆಳಗಿಳಿಯುತ್ತದೆ. ಹಾಗಾಗಿ ಪಂಚಾಂಗ ನೋಡದೆ ಹೊರಡುವುದಿಲ್ಲ. ಹುಣ್ಣಿಮೆ ಕಳೆದ ಮೇಲೆ ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಮೂಡುತ್ತಾನೆ. ಬಹುಳ ಪಂಚಮಿಯ ಹೊತ್ತಿಗೆ ಸಂಜೆ 7ರಿಂದ 10ರವರೆಗೆ ಅಪ್ಪಟ ಕತ್ತಲು ಸಿಗುತ್ತದೆ. ಆಗ ಮುಸ್ಸಂಜೆಗೇ ಬಲೆ ಬಿಟ್ಟು ಚಂದ್ರ ಮೂಡುವ ಮೊದಲೇ ಎಳೆದುಕೊಳ್ಳುತ್ತೇವೆ. ಶುಕ್ಲಪಕ್ಷದಲ್ಲಿ ಇದು ತಿರುಗುಮುರುಗು. ಅಷ್ಟಮಿಯಂದು ಚಂದ್ರ ಮುಳುಗುವುದು ನಡುರಾತ್ರಿ ದಾಟುವಾಗ, ಆಮೇಲೆ ಹೊರಟರೆ ಸಾಕು. ಹುಣ್ಣಿಮೆಯ ಹಿಂದುಮುಂದಿನ ನಾಲ್ಕು ದಿನ ಕಂತಬಲೆಯನ್ನು ದೋಣಿಗೆ ಏರಿಸುವುದೇ ಇಲ್ಲ. ಶಿವರಾತ್ರಿ ಬರುವುದು ಬಹುಳ ಚತುರ್ದಶಿಯಂದು, ಅದರ ಹಿಂದಿನ ಒಂದು ವಾರವೇ ಈ ಕಾಲದ ಒಳ್ಳೆಯ ರಾತ್ರಿಗಳು.

ಕತ್ತಲಿದ್ದರೂ ಇನ್ನೊಂದು ತೊಡಕು ಉಂಟು. ಕೆಲವು ರಾತ್ರಿ ನೀರೇ ಮಿಣುಕುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಅಲುಗಿದಾಗ ಸೂಸುವ ಬೆಳಕು ಅದು. ಪ್ರವಾಸಿಗರು ಫೋಟೊ ತೆಗೆಯುತ್ತಾರೆ, ನಮಗೆ ಅದು ಡೀಸೆಲ್ಲೋ ಸೀಮೆಎಣ್ಣೆಯೋ ದಂಡವಾಗುವ ಸೂಚನೆ. ಬಲೆಯ ಒಂದೊಂದು ನೂಲೂ ಗೆರೆ ಎಳೆದಂತೆ ಬೆಳಗುತ್ತದೆ. ಬಲೆ ಬಿಡುವ ಮುನ್ನ ಹುಟ್ಟನ್ನು ನೀರಿಗೆ ಅದ್ದಿ ಜೋರಾಗಿ ಆಡಿಸಿ ನೋಡಿ. ನೀಲಿ ಹೊಗೆಯಂತೆ ಬೆಳಕು ಎದ್ದರೆ ಅಲ್ಲಿ ಬಿಡಬೇಡಿ. ಎರಡು ಮೂರು ಕಿಲೋಮೀಟರ್ ಹೊರಗೆ ಹೋಗಿ ಮತ್ತೆ ಪರೀಕ್ಷಿಸಿ.

ನಾವು ಬಿಡುವುದು 8ರಿಂದ 12 ಮಾರು ನೀರಿನಲ್ಲಿ. ದಡಕ್ಕೆ ಅಡ್ಡಲಾಗಿ, ಅಂದರೆ ಮೂಡು–ಪಡುವಾಗಿ ಬಿಡುತ್ತೇವೆ, ಹಿಂಡು ದಡದುದ್ದಕ್ಕೆ ಚಲಿಸುವುದರಿಂದ. ಚಳಿಗಾಲದಲ್ಲಿ ಬಡಗಿಗೆ ಎಳೆಯುತ್ತಿದ್ದ ನೀರು ಮಾರ್ಚ್ ಹೊತ್ತಿಗೆ ತೆಂಕಿಗೆ ತಿರುಗತೊಡಗುತ್ತದೆ. ನಡುವೆ ಕೆಲವು ದಿನ ಮೇಲಿನ ನೀರು ಒಂದು ಕಡೆ, ಅಡಿನೀರು ಇನ್ನೊಂದು ಕಡೆ ಹೋಗುವುದೂ ಇದೆ. ಅಂಥ ದಿನ ಬಲೆ ನೇರ ನಿಲ್ಲದೆ ಮಲಗುತ್ತದೆ, ಕೆಳಹಗ್ಗ ಸುತ್ತಿಕೊಳ್ಳುತ್ತದೆ. ಪರೀಕ್ಷೆಗೆ ಮೊದಲ ತುಂಡು ಮಾತ್ರ ಬಿಟ್ಟು ಹತ್ತು ನಿಮಿಷ ಕಾಯುತ್ತೇನೆ. ಬೆಂಡುಗಳು ಒಂದೇ ಸಾಲಿನಲ್ಲಿದ್ದರೆ ಉಳಿದದ್ದನ್ನು ಬಿಡುತ್ತೇನೆ. ಬಲೆ ನೀರಿನಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಬೆಚ್ಚಗಿನ ನೀರಿನಲ್ಲಿ ಸತ್ತ ಮೀನು ಬೇಗ ಮೆತ್ತಗಾಗುತ್ತದೆ. ಅಷ್ಟರಲ್ಲಿ ಪಫರ್ ಎನ್ನುವ, ಹೊಟ್ಟೆ ಊದಿಸಿಕೊಳ್ಳುವ ಮೀನು ಬಂದರೆ ಬಂಗುಡೆಯನ್ನೂ ಬಲೆಯನ್ನೂ ಒಟ್ಟಿಗೆ ಕಚ್ಚಿ ಅಂಗೈಯಗಲದ ತೂತು ಮಾಡಿ ಹೋಗುತ್ತದೆ.

ಜೆಲ್ಲಿ ಮೀನಿನ ಕಾಟವೂ ಈ ದಿನಗಳಲ್ಲೇ. ದೋಣಿಯ ಬದಿಯಲ್ಲಿ ನಿಂತು ನೋಡಿದಾಗ ಐದು ನಿಮಿಷದಲ್ಲಿ ಹತ್ತಕ್ಕಿಂತ ಹೆಚ್ಚು ತೇಲಿ ಹೋದರೆ ನಾನು ಜಾಗ ಬಿಡುತ್ತೇನೆ. 0.16 ನೂಲಿನ ಬಲೆ ಆ ಭಾರ ತಡೆಯುವುದಿಲ್ಲ. ಸಿಕ್ಕಿದ್ದನ್ನು ಕೊಡವುವಾಗ ಲೋಳೆ ಕಣ್ಣಿಗೆ ಹಾರುತ್ತದೆ, ಕೈಗವಸು ಹಾಕಿ ಮುಖ ತಿರುಗಿಸಿಕೊಂಡೇ ಕೊಡವಬೇಕು.

ಅಷ್ಟಮಿಯ ದಿನಗಳಲ್ಲಿ ಉಬ್ಬರ ಇಳಿತ ಕಡಿಮೆ, ನೀರಿನ ಸೆಳೆತವೂ ಕಡಿಮೆ. ಅದು ಕಾಣೆ ಮೀನಿನ ದಿನ. ಹೊಳೆ ಕಡಲು ಸೇರುವ ಅಳಿವೆಯ ಹೊರಗೆ 2ರಿಂದ 4 ಮಾರಿನ ಮರಳಡಿಯಲ್ಲಿ 34 ಮಿ.ಮೀ. ಕಣ್ಣಿನ ಗಿಡ್ಡ ಬಲೆಯನ್ನು ತಳಕ್ಕೆ ತಾಗುವಂತೆ ಬಿಡುತ್ತೇನೆ, ಸೀಸ ಸ್ವಲ್ಪ ಹೆಚ್ಚು. ಕಾಣೆ ಬೆದರಿದರೆ ಮರಳಿನೊಳಗೆ ಹೂತುಕೊಳ್ಳುತ್ತದೆ. ಆದ್ದರಿಂದ ಇಂಜಿನ್ ದೂರದಲ್ಲೇ ನಿಲ್ಲಿಸಿ ಹುಟ್ಟು ಹಾಕುತ್ತ ಹೋಗಬೇಕು. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಇದೇ ಬಲೆ ಬಿಟ್ಟರೆ ಸೆಳೆತಕ್ಕೆ ಕಸಕಡ್ಡಿ ತುಂಬಿ ಹಗ್ಗದಂತೆ ಹೊಸೆದುಕೊಂಡು ಬರುತ್ತದೆ. ಕಾಣೆಯ ಜೊತೆಗೆ ನಂಗು ಮೀನು, ಏಡಿ ಸಿಗುತ್ತವೆ. ಏಡಿಯನ್ನು ಬಿಡಿಸಲು ಎಳೆದಾಡಬೇಡಿ. ಸುತ್ತಿದ ನಾಲ್ಕು ಕಣ್ಣು ಕತ್ತರಿಸಿ, ದಡಕ್ಕೆ ಬಂದು ನೇಯ್ದುಕೊಳ್ಳುವುದು ಅಗ್ಗ.

ಗಾಳಿಯ ಲೆಕ್ಕ ಸರಳ. ನಸುಕಿನಲ್ಲಿ ಮೂಡಣದಿಂದ ನೆಲಗಾಳಿ, 11ರ ನಂತರ ವಾಯವ್ಯದಿಂದ ಕಡಲಗಾಳಿ, ಮಧ್ಯಾಹ್ನ 3ಕ್ಕೆ ಅದು ಜೋರು. ಆದರೆ ಇಲ್ಲಿ ಗಾಳಿಯೇ ಇಲ್ಲದ ದಿನವೂ ವಾಯವ್ಯದಿಂದ ದೊಡ್ಡ ಅಲೆ ಬರಬಹುದು. ಅರಬ್ ನಾಡಿನ ಕಡೆ ಬೀಸುವ ಶಮಾಲ್ ಗಾಳಿ ಎಬ್ಬಿಸಿದ ಅಲೆ ಅದು, ನಮ್ಮ ಆಕಾಶ ನೋಡಿ ತಿಳಿಯುವಂಥದ್ದಲ್ಲ. ಹೈದರಾಬಾದಿನಲ್ಲಿರುವ, ಕಡಲ ಮಾಹಿತಿ ಕೊಡುವ ಸರ್ಕಾರಿ ಸಂಸ್ಥೆ ಇಂಕಾಯ್ಸ್‌ನ ಅಲೆ ಮುನ್ಸೂಚನೆಯನ್ನು ಹಿಂದಿನ ಸಂಜೆಯೇ ನೋಡುವುದು ಇದಕ್ಕಾಗಿ. ಅದೇ ಸಂಸ್ಥೆ ಮೀನು ಸಿಗಬಹುದಾದ ಜಾಗದ ದಿಕ್ಕು, ದೂರ, ಆಳವನ್ನೂ ಕೊಡುತ್ತದೆ. ಆ ಜಾಗ 40 ಕಿಲೋಮೀಟರ್ ಆಚೆಗಿದ್ದರೆ 9.9 ಎಚ್‌ಪಿ ಇಂಜಿನ್ನಿನವರಿಗೆ ಪ್ರಯೋಜನವಿಲ್ಲ.

ಇಂಥ ಅಲೆ ಇರುವಾಗ ಅಳಿವೆ ಬಾಯಿಯೇ ಅಪಾಯದ ಜಾಗ. ಗಂಗೊಳ್ಳಿಯಲ್ಲಿ ಕಡಲು ಸೇರುವ ಐದು ಹೊಳೆಗಳ ನೀರು ಇಳಿತದಲ್ಲಿ ಹೊರಗೆ ನುಗ್ಗುವಾಗ ಎದುರಿನಿಂದ ಬರುವ ಅಲೆ ಅಲ್ಲೇ ನೆಟ್ಟಗೆ ಎದ್ದು ಒಡೆಯುತ್ತದೆ. ಅಮಾವಾಸ್ಯೆಯ ಆಸುಪಾಸು ಇಳಿತ ಬೆಳಗಿನ ಜಾವಕ್ಕೇ ಬೀಳುತ್ತದೆ, ನಾವು ಮೀನು ತುಂಬಿಕೊಂಡು ಬರುವುದೂ ಆಗಲೇ. ಹರಾಜು ತಪ್ಪುತ್ತದೆ ಎಂದು ಅವಸರಪಡಬಾರದು. ಹೊರಗೆ ಲಂಗರು ಹಾಕಿ, ನೀರು ಏರತೊಡಗಿದ ಮೇಲೆ, 7 ಗಂಟೆಯ ನಂತರ ಒಳಗೆ ಬರುವುದು ಸರಿ.

ಕಾಯುವ ಧೈರ್ಯ ಬರುವುದು ಐಸ್ ಇದ್ದರೆ ಮಾತ್ರ. ಸಿಗಬಹುದೆಂಬ ಅಂದಾಜಿನ ಒಂದು ಕಿಲೋ ಮೀನಿಗೆ ಒಂದು ಕಿಲೋ ಪುಡಿ ಐಸ್, ಡಿಸೆಂಬರಿಗಿಂತ ಹೆಚ್ಚೇ ಬೇಕು. ಬಂಗುಡೆ ಬಿಸಿಗೆ ಕೂತರೆ ಅದರಲ್ಲಿ ಹಿಸ್ಟಮಿನ್ ಎಂಬ ವಿಷವಸ್ತು ಬೆಳೆಯುತ್ತದೆ, ಎಷ್ಟು ಬೇಯಿಸಿದರೂ ಹೋಗುವುದಿಲ್ಲ, ತಿಂದವರಿಗೆ ಮೈ ಕೆಂಪಾಗಿ ತುರಿಸುತ್ತದೆ. ಬಲೆಯಿಂದ ಬಿಡಿಸಿದ ಕೂಡಲೇ ಐಸ್ ಪೆಟ್ಟಿಗೆಗೆ ಹಾಕಿ, ಎಲ್ಲ ಬಿಡಿಸಿದ ಮೇಲೆ ಒಟ್ಟಿಗೆ ಎಂದು ಕಾಯಬೇಡಿ.

ದಡಕ್ಕೆ ಬಂದ ಮೇಲೆ ಬಲೆಯನ್ನು ನೆರಳಲ್ಲಿ ಒಣಗಿಸುತ್ತೇನೆ. ಫೆಬ್ರವರಿ ಬಿಸಿಲಿಗೆ ತೆಳು ನೂಲು ಪೆಡಸಾಗುತ್ತದೆ. ಮಾರ್ಚ್ ಮುಗಿಯುತ್ತ ಬಂದಂತೆ ನಾಲ್ಕೈದು ಬಂಗುಡೆಯ ಹೊಟ್ಟೆ ಸೀಳಿ ನೋಡುವುದು ರೂಢಿ. ಮೊಟ್ಟೆಯ ಚೀಲ ಹೊಟ್ಟೆಯ ಅರ್ಧ ತುಂಬಿದ್ದು ಕಂಡರೆ 50ರ ಬಲೆ ಮಡಚಿ ಅಟ್ಟಕ್ಕೇರಿಸಿ, ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಶುರುವಾಗುವವರೆಗೆ ಕಾಣೆ ಬಲೆಯೊಂದನ್ನೇ ಇಟ್ಟುಕೊಳ್ಳುತ್ತೇನೆ.