ಕಮಾನು ಕೆಳಗಿಳಿಯುವ ತನಕ

ನಾನು ಪಿಟೀಲು ಕಲಿತದ್ದು ಮೈಸೂರಿನಲ್ಲಿ, ಚಾಪೆ ಮೇಲೆ ಕೂತು. ಅಲ್ಲಿ ಕೇಳುವವರ ಮನಸ್ಸಲ್ಲಿ ಏನಿದೆ ಅಂತ ಊಹಿಸುವ ಕಷ್ಟವೇ ಇರಲಿಲ್ಲ. ಒಂದು ಸಂಗತಿ ಚೆನ್ನಾಗಿ ಬಂದರೆ ಮುಂದಿನ ಸಾಲಿನಿಂದ 'ಭೇಷ್' ಬರುತ್ತಿತ್ತು. ತೊಡೆ ಮೇಲೆ ತಾಳ ಬೀಳುತ್ತಿತ್ತು. ಬೇಜಾರಾದವರು ಮೃದಂಗದವರ ತನಿ ಆವರ್ತನ ಶುರುವಾಗುತ್ತಲೇ ಎದ್ದು ಕಾಫಿಗೆ ಹೋಗುತ್ತಿದ್ದರು.

ಲಂಡನ್ನಿಗೆ ಬಂದ ಮೇಲೆ ವಯೋಲ ಹಿಡಿದೆ. ನೋಡೋಕೆ ಪಿಟೀಲಿನ ಹಾಗೇ ಇರುತ್ತದೆ, ಸ್ವಲ್ಪ ದೊಡ್ಡದು, ದನಿ ಇನ್ನೂ ಕೆಳಗಿನದು. ಈಗ ಹನ್ನೊಂದು ವರ್ಷದಿಂದ ನಾವು ನಾಲ್ವರು ಸ್ಟ್ರಿಂಗ್ ಕ್ವಾರ್ಟೆಟ್ ನುಡಿಸುತ್ತಿದ್ದೇವೆ. ಎರಡು ಪಿಟೀಲು, ಒಂದು ವಯೋಲ, ಕಾಲ ನಡುವೆ ನಿಲ್ಲಿಸಿ ನುಡಿಸುವ ದೊಡ್ಡ ಚೆಲ್ಲೋ ಒಂದು. ಎಲ್ಲರಿಗೂ ಹೊಟ್ಟೆಪಾಡಿಗೆ ಬೇರೆ ಕೆಲಸ ಇದೆ. ವಾರಕ್ಕೊಂದು ಸಂಜೆ ಅಭ್ಯಾಸ, ವರ್ಷಕ್ಕೆ ನಾಲ್ಕೈದು ಕಛೇರಿ. ದಕ್ಷಿಣ ಲಂಡನ್ನಿನ ಚರ್ಚುಗಳಲ್ಲಿ, ಅರವತ್ತು ಎಪ್ಪತ್ತು ಜನರ ಮುಂದೆ.

ಮೊದಲ ಎರಡು ವರ್ಷ ನನಗೆ ಆ ಜನರ ಮೌನ ಕಂಡರೆ ಭಯ. ಯಾರೂ ತಲೆ ಆಡಿಸುವುದಿಲ್ಲ, ಕಾಲು ಕುಣಿಸುವುದಿಲ್ಲ. ಹಿಡಿಸಲಿಲ್ಲ ಅಂತಲೇ ಅಂದುಕೊಂಡು ಗೊತ್ತಿಲ್ಲದೇ ಓಡಿಸಿಬಿಡುತ್ತಿದ್ದೆ. ನಮ್ಮ ಚೆಲ್ಲೋದವರು ಒಂದು ದಿನ ಹೇಳಿದರು: "ಕೆಮ್ಮು ಕೇಳಿಸ್ಕೊ." ಅಂದಿನಿಂದ ಕೇಳಿಸಿಕೊಳ್ಳತೊಡಗಿದೆ. ನಿಧಾನದ ಭಾಗದ ನಡುವೆ ಅಲ್ಲೊಂದು ಇಲ್ಲೊಂದು ಕೆಮ್ಮು, ಬೆಂಚಿನ ಕಿರ್ರ್ ಸದ್ದು, ಕಾರ್ಯಕ್ರಮದ ಹಾಳೆಯ ಸರಬರ ಬಂದರೆ ಜನ ಕೈ ತಪ್ಪಿದ್ದಾರೆ. ಯಾವ ಸದ್ದೂ ಇಲ್ಲದೆ, ಆ ಭಾಗ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಕೆಮ್ಮಿದರೆ ಅಷ್ಟು ಹೊತ್ತೂ ತಡೆದುಕೊಂಡು ಕೂತಿದ್ದರು ಅಂತ ಅರ್ಥ. ಆ ಕೆಮ್ಮಿಗಿಂತ ದೊಡ್ಡ ಭೇಷ್ ನನಗೆ ಬೇಡ.

ಆಮೇಲೆ ಕುರ್ಚಿಗಳನ್ನು ಬದಲಿಸಿದೆವು. ಮೊದಲು ನಾವು ಮೆಟ್ಟಿಲ ಮೇಲೆ, ಜನ ಉದ್ದುದ್ದ ಬೆಂಚುಗಳಲ್ಲಿ, ನಡುವೆ ಮೂರು ಸಾಲು ಖಾಲಿ. ಈಗ ನೆಲಕ್ಕೇ ಇಳಿದು ಕೂರುತ್ತೇವೆ. ಸುತ್ತ ಅರ್ಧ ವೃತ್ತದಲ್ಲಿ ಕುರ್ಚಿ, ಮೊದಲ ಸಾಲು ಆರಡಿ ದೂರದಲ್ಲಿ. ಕ್ವಾರ್ಟೆಟ್‌ನಲ್ಲಿ ಕೋಲು ಆಡಿಸಿ ನಡೆಸುವವರು ಯಾರೂ ಇರುವುದಿಲ್ಲ. ಮೊದಲ ಪಿಟೀಲಿನವರು ಮೂಗಿನಲ್ಲಿ ಒಂದು ಉಸಿರು ಎಳೆದುಕೊಳ್ಳುತ್ತಾರೆ, ಅದೇ ನಮಗೆ ಎತ್ತುಗಡೆ. ಹತ್ತಿರ ಕೂತವರಿಗೆ ಆ ಉಸಿರೂ ಕೇಳುತ್ತದೆ. "ನೀವು ಉಸಿರೆಳೆದಾಗ ನಾನೂ ಎಳೆದೆ" ಅಂತ ಒಬ್ಬರು ಹೇಳಿದ್ದರು. ಇಂಥ ಸಂಗೀತ ಹುಟ್ಟಿದ್ದೇ ಮನೆಯ ಪಡಸಾಲೆಯಂಥ ಜಾಗಗಳಿಗೆ ಅಲ್ವಾ, ದೊಡ್ಡ ಸಭಾಂಗಣಕ್ಕೆ ಹೋದದ್ದು ಆಮೇಲೆ.

ಮುಗಿದ ಮೇಲೆ ಟೀ ಕುಡಿಯುವಾಗ ಜನರ ಹತ್ತಿರ ಮಾತಾಡುತ್ತೇನೆ. "ಹೇಗಿತ್ತು?" ಅಂತ ಕೇಳಿ ಪ್ರಯೋಜನವಿಲ್ಲ. "ತುಂಬಾ ಚೆನ್ನಾಗಿತ್ತು" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ನಾನು ಕೇಳುವುದು ಒಂದೇ: "ನಿಮ್ಮ ಮನಸ್ಸು ಎಲ್ಲಿ ಬೇರೆ ಕಡೆ ಹೋಯ್ತು?" ಇದಕ್ಕೆ ಜನ ನಿಜ ಹೇಳುತ್ತಾರೆ. ಕೇಳಿದ್ದನ್ನು ಅವತ್ತು ರಾತ್ರಿಯೇ ನನ್ನ ಹಾಳೆಯಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತೇನೆ. ಹದಿನೆಂಟನೇ ಶತಮಾನದ ಆಸ್ಟ್ರಿಯಾದ ಹೈಡನ್ ಬರೆದ ಓಪಸ್ 33ರ (ಓಪಸ್ ಅಂದರೆ ಕೃತಿಯ ಸಂಖ್ಯೆ) ಎರಡನೇ ಕ್ವಾರ್ಟೆಟ್ ಕೃತಿಯಲ್ಲಿ ಮೂರನೇ ಭಾಗ ವಯೋಲ ಮತ್ತು ಚೆಲ್ಲೋ ಎರಡರಿಂದಲೇ ಶುರುವಾಗುತ್ತದೆ. ನನಗೆ ಪ್ರಾಣ ಅದು. ಆದರೆ ಬೇರೆ ಬೇರೆ ದಿನ ಬಂದ ಮೂವರು, ಅದೇ ರಾಗ ಮತ್ತೆ ಬಂದಾಗ ಮನೆಯ ಯೋಚನೆ ಬಂತು ಅಂದರು. ನಾವು ಎರಡು ಸಲವೂ ಒಂದೇ ಗಾತ್ರದಲ್ಲಿ, ಒಂದೇ ಬಣ್ಣದಲ್ಲಿ ನುಡಿಸುತ್ತಿದ್ದೆವು. ಈಗ ಎರಡನೇ ಸಲ ನಾನು ಕಮಾನನ್ನು ಬೆರಳುಹಲಗೆಯ ಕಡೆ ಸರಿಸಿ ಹಗುರ ಮಾಡುತ್ತೇನೆ. ಆ ದೂರು ಮತ್ತೆ ಬಂದಿಲ್ಲ.

ಅದೇ ಕೃತಿಯ ಕೊನೆಯ ಭಾಗ ಕೇಳುವವರನ್ನೇ ಒಂದು ವಾದ್ಯ ಮಾಡಿಕೊಂಡಿದೆ. 1781ರಲ್ಲಿ ಬರೆದದ್ದು. ಜನ ಇದನ್ನು 'ಜೋಕ್' ಅಂತಲೇ ಕರೆಯುತ್ತಾರೆ. ಚುರುಕಾಗಿ ಓಡುತ್ತಿದ್ದ ರಾಗ ಗಕ್ಕನೆ ನಿಂತು, ನಾಲ್ಕು ಬಾರ್ (ಬಾರ್ ಅಂದರೆ ತಾಳದ ಆವರ್ತದಂಥ ಚಿಕ್ಕ ಅಳತೆ) ಗಂಭೀರವಾದ ನಿಧಾನ ನಡೆ. ಆಮೇಲೆ ಮೊದಲಿನ ರಾಗವೇ ತುಂಡು ತುಂಡಾಗಿ ಬರುತ್ತದೆ, ಎರಡು ಬಾರ್ ರಾಗ, ಎರಡು ಬಾರ್ ಮೌನ. ನಾಲ್ಕನೇ ತುಂಡಿಗೆ ರಾಗ ಪೂರ್ತಿಯಾಯಿತು. ಜನ ಚಪ್ಪಾಳೆ ತಟ್ಟುತ್ತಾರೆ. ಮೌನ ನಾಲ್ಕು ಬಾರ್ ಇದೆ, ಅಂದರೆ ಹೆಚ್ಚುಕಮ್ಮಿ ನಾಲ್ಕು ಸೆಕೆಂಡು. ಅದಾದ ಮೇಲೆ ಮೊದಲ ತುಂಡು ಮತ್ತೊಮ್ಮೆ, ಪಿಸುಮಾತಿನಷ್ಟು ಮೆಲ್ಲಗೆ. ಅಷ್ಟೇ, ಮುಗಿಯಿತು. ರಾಗದ ಆರಂಭವೇ ಕೃತಿಯ ಅಂತ್ಯ.

ಇಲ್ಲಿ ನಮ್ಮ ಮೈ ಹೇಗಿರುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಮೊದಮೊದಲು ಆ ನಾಲ್ಕು ಬಾರ್‌ಗಳಲ್ಲಿ ಕಮಾನು ತಂತಿಯ ಮೇಲೇ ಬಿಗಿಯಾಗಿ ಹಿಡಿದಿರುತ್ತಿದ್ದೆವು. ಜನರಿಗೆ ಇನ್ನೂ ಇದೆ ಅಂತ ಗೊತ್ತಾಗಿ ಹುಷಾರಾಗಿ ಕಾಯುತ್ತಿದ್ದರು. ಈಗ ಭುಜ ಸಡಿಲ ಬಿಡುತ್ತೇವೆ. ಚಪ್ಪಾಳೆ ಬಿದ್ದು, ಅದರ ಮೇಲೆ ಆ ಮೆಲ್ಲನೆ ತುಂಡು ಬಂದಾಗ ಇಡೀ ಕೋಣೆ ನಗುತ್ತದೆ. ಹುಟ್ಟಿ ಮುನ್ನೂರು ವರ್ಷಕ್ಕೆ ಹತ್ತಿರವಾಗುತ್ತಿರುವ ಒಬ್ಬ ಮನುಷ್ಯ ಕಾಗದದ ಮೇಲೆ ಬಿಟ್ಟ ಖಾಲಿ ಜಾಗ, ದಕ್ಷಿಣ ಲಂಡನ್ನಿನ ಕ್ರಾಯ್ಡನ್ ಜನರನ್ನು ಸರಿಯಾದ ಹೊತ್ತಿಗೇ ನಗಿಸುತ್ತದೆ. ಪ್ರತಿ ಸಲ ನನ್ನ ಕೈಯಲ್ಲಿ ರೋಮ ಏಳುತ್ತದೆ.

ಭಾಗಗಳ ನಡುವೆ ಚಪ್ಪಾಳೆ ತಟ್ಟಬಾರದು ಅಂತ ಹೊಸಬರು ಹೆದರಿ ಕೂರುವುದು ನನಗೆ ಇಷ್ಟವಿಲ್ಲ. ಮೊದಲೇ ಹೇಳಿಬಿಡುತ್ತೇವೆ, ಮನಸ್ಸಾದಾಗ ತಟ್ಟಿ ಅಂತ. ಹಳೇ ಕಾಲದಲ್ಲಿ ಹಾಗೇ ಇತ್ತು. 1826ರ ಮಾರ್ಚ್ 21ರಂದು ವಿಯೆನ್ನಾದಲ್ಲಿ ಶುಪಾಂಜಿಗ್ ಅನ್ನುವ ಪಿಟೀಲಿನವರ ಕ್ವಾರ್ಟೆಟ್ ತಂಡ ಬೀಥೋವನ್‌ನ ಓಪಸ್ 130 ನುಡಿಸಿದಾಗ, ನಡುವಿನ ಎರಡು ಚಿಕ್ಕ ಭಾಗಗಳನ್ನು ಜನ ಮತ್ತೆ ನುಡಿಸಿ ಅಂತ ಕೇಳಿ ನುಡಿಸಿಸಿಕೊಂಡರು. ಕೊನೆಯಲ್ಲಿದ್ದ ದೊಡ್ಡ ಫ್ಯೂಗ್, ಅಂದರೆ ಒಂದೇ ರಾಗವನ್ನು ವಾದ್ಯಗಳು ಒಂದರ ಹಿಂದೊಂದು ಎತ್ತಿಕೊಂಡು ಹೆಣೆಯುವ ಭಾಗ, ಮಾತ್ರ ಅವರಿಗೆ ಹತ್ತಲಿಲ್ಲ. ಬೀಥೋವನ್ ಸಭೆಗೆ ಬಂದಿರಲಿಲ್ಲ. ಕಿವಿ ಪೂರ್ತಿ ಹೋಗಿತ್ತು. ವಿಷಯ ಕೇಳಿ ಕೆಂಡವಾದ. ಆದರೂ ಅದೇ ವರ್ಷ ಹೊಸ ಕೊನೆಯ ಭಾಗ ಬರೆದುಕೊಟ್ಟ, ಫ್ಯೂಗ್ ಓಪಸ್ 133 ಆಗಿ ಬೇರೆಯಾಗಿ ಅಚ್ಚಾಯಿತು. ಕೇಳುವವರ ಮಾತಿಗೆ ಅವನೂ ಜಾಗ ಬಿಟ್ಟ, ತನ್ನ ಫ್ಯೂಗನ್ನೂ ಬಿಡಲಿಲ್ಲ.

ನಮಗೆ ಜಾಸ್ತಿ ಕಲಿಸಿದ್ದು ರಷ್ಯಾದ ಶೋಸ್ತಕೋವಿಚ್‌ನ ಎಂಟನೇ ಕ್ವಾರ್ಟೆಟ್. 1960ರ ಜುಲೈನಲ್ಲಿ ಜರ್ಮನಿಯ ಡ್ರೆಸ್ಡನ್ ಹತ್ತಿರದ ಗೋರಿಶ್‌ನಲ್ಲಿ ಮೂರೇ ದಿನಕ್ಕೆ ಬರೆದದ್ದು. ಐದು ಭಾಗ, ನಡುವೆ ನಿಲ್ಲುವುದೇ ಇಲ್ಲ. ಮೊದಲ ಸಲ ನುಡಿಸುವ ಮುಂಚೆ ಯುದ್ಧದ ಬಗ್ಗೆ, ಸ್ಟಾಲಿನ್ ಬಗ್ಗೆ ಹತ್ತು ನಿಮಿಷ ಮಾತಾಡಿದ್ದೆವು. ಮುಗಿದ ಮೇಲೆ ಒಬ್ಬ ಹೆಂಗಸು, "ನೀವು ಹೇಳಿದ್ದನ್ನೇ ಹುಡುಕ್ತಾ ಕೂತೆ, ಕೇಳೋಕೆ ಆಗಲಿಲ್ಲ" ಅಂದರು. ಅವರ ಮಾತು ನ್ಯಾಯವಾಗಿತ್ತು. ಈಗ ಮಾತಿಲ್ಲ. ಶೋಸ್ತಕೋವಿಚ್ ತನ್ನ ಹೆಸರಿನ ಅಕ್ಷರಗಳಿಂದ ಮಾಡಿಕೊಂಡ ನಾಲ್ಕು ಸ್ವರ ಮಾತ್ರ ಮೊದಲು ನುಡಿಸಿ ತೋರಿಸುತ್ತೇವೆ. ಸ್ವರಗಳ ಜರ್ಮನ್ ಹೆಸರುಗಳಲ್ಲಿ ಡಿ, ಎಸ್, ಸಿ, ಹೆಚ್. ಅದೇ ಸ್ವರಗಳನ್ನು ಚೆಲ್ಲೋ ಎತ್ತಿಕೊಳ್ಳುತ್ತದೆ, ಆಮೇಲೆ ನಾನು.

ನಾಲ್ಕನೇ ಭಾಗದಲ್ಲಿ ಒಂದೇ ಸ್ವರ ಎಳೆದು ನಿಂತಿರುವಾಗ ಮೂರು ಪೆಟ್ಟು ಬೀಳುತ್ತವೆ. ಒಂದು ಸಂಜೆ ಆ ಪೆಟ್ಟು ಬಿದ್ದಾಗ ಮೊದಲ ಸಾಲಿನಲ್ಲಿದ್ದ ಹತ್ತು ವರ್ಷದ ಹುಡುಗ ಹಿಂದೆ ತಿರುಗಿ ಚರ್ಚಿನ ಬಾಗಿಲ ಕಡೆ ನೋಡಿದ. ಅವನಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ.

ಹೋದ ವರ್ಷ ಮೈಸೂರಿನಿಂದ ಅಮ್ಮ ಬಂದಿದ್ದಳು. ಎರಡನೇ ಸಾಲಿನಲ್ಲಿ ಶಾಲು ಹೊದ್ದು ಕೂತಳು. ಶೋಸ್ತಕೋವಿಚ್ ಕೊನೆಗೆ ಉಸಿರು ಹೋದ ಹಾಗೆ ಆರಿಹೋಗುತ್ತದೆ. ಆಗ ನಾವು ಕಮಾನನ್ನು ಗಾಳಿಯಲ್ಲೇ ಹಿಡಿದಿರುತ್ತೇವೆ. ಅದು ಕೆಳಗಿಳಿಯುವ ತನಕ ಯಾರೂ ತಟ್ಟುವುದಿಲ್ಲ. ಎಷ್ಟು ಹೊತ್ತು ಅಂತ ಮೊದಲೇ ನಿಶ್ಚಯ ಮಾಡುವುದಿಲ್ಲ, ಕೋಣೆಯ ಮೌನ ತೆಳುವಾಗುವುದು ಚರ್ಮಕ್ಕೇ ತಿಳಿಯುತ್ತದೆ. ನಾನು ಅಮ್ಮನ ಕೈ ನೋಡಿದೆ. ತೊಡೆ ಮೇಲೆ ತಾಳ ಹಾಕುತ್ತಿದ್ದ ಕೈ ಅಂಗೈ ಮೇಲಾಗಿ ಹಾಗೇ ನಿಂತಿತ್ತು.

ಬಸ್ಸಿನಲ್ಲಿ ಹೇಳಿದಳು: "ಭೇಷ್ ಅನ್ನೋಣ ಅಂತ ಬಾಯಿ ತೆರೆದೆ ಕಣೇ. ಪಕ್ಕದಲ್ಲಿದ್ದವರು ಕಣ್ಣು ಒರೆಸ್ಕೊಳ್ತಿದ್ರು. ಸುಮ್ನಾದೆ."

ಸ್ವಲ್ಪ ಹೊತ್ತು ಬಿಟ್ಟು, "ಕೀರವಾಣಿ ರಾಗದ ಛಾಯೆ ಇದೆ ಅದರಲ್ಲಿ. ರಿ, ಗ, ಸ, ನಿ. ಸಾದಲ್ಲಿ ನಿಲ್ಲಬೇಕಿತ್ತು. ನಿಷಾದಕ್ಕೆ ಇಳಿದು ಬಿಟ್ಟುಬಿಡ್ತಾನಲ್ಲ, ಯಾಕೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುದಿನ ಬೆಳಿಗ್ಗೆ ಹುಳಿಗೆ ಬೇಳೆ ಇಡುತ್ತಾ ಅಮ್ಮ ಅದೇ ನಾಲ್ಕು ಸ್ವರ ಗುನುಗುತ್ತಿದ್ದಳು. ನಿಷಾದಕ್ಕೆ ಬಂದು ನಿಂತಳು. ಕುಕ್ಕರಿನ ಮುಚ್ಚಳ ಹಾಕಿ, ಮೆಲ್ಲಗೆ ಷಡ್ಜಕ್ಕೆ ಹೋಗಿ ಮುಗಿಸಿದಳು.